ಮೂವರು ನುಡಿಸಿದ ಒಂದೇ ಹಾಡು: ಲೈಡನ್‌ನಲ್ಲಿ ಕೇಳಿದ ಜಪಾನಿ ಕಛೇರಿಯ ಬಗ್ಗೆ

ತುಂಗಾತೀರ:

ಕಳೆದ ಶನಿವಾರ ಸಂಜೆ ಇಲ್ಲಿ ನೆದರ್ಲೆಂಡ್ಸ್‌ನಲ್ಲಿ, ಲೈಡನ್ ಊರಿನ ಹಳೆಯ ಇಗರ್ಜಿಯೊಂದರಲ್ಲಿ ಜಪಾನಿನ ಮೂವರ ಕಛೇರಿ ಕೇಳಿದೆ. ಮಲಗಿಸಿ ಮೀಟುವ ಉದ್ದನೆಯ ತಂತಿವಾದ್ಯ ಕೊಟೊ, ಕುತ್ತಿಗೆಯಿರುವ ತಂತಿವಾದ್ಯ ಶಾಮಿಸೆನ್, ಬಿದಿರಿನ ಕೊಳಲು ಶಾಕುಹಾಚಿ. ಈ ಮೂರು ಸೇರಿದರೆ ‘ಸಾಂಕ್ಯೊಕು’ ಎನ್ನುತ್ತಾರೆ. ಎಂಬತ್ತು ಜನ ಇದ್ದಿರಬಹುದು. ಅರ್ಧದಷ್ಟು ಮಂದಿ ನನ್ನಂತೆಯೇ ಮಳೆಗೆ ಹೆದರಿ ಒಳಗೆ ಬಂದವರೆಂದು ಒದ್ದೆ ಕೋಟುಗಳೇ ಹೇಳುತ್ತಿದ್ದವು.

ಎಪ್ಪತ್ತು ನಿಮಿಷದಲ್ಲಿ ಏಳು ಕೃತಿ. ಯಾವುದೂ ಹತ್ತು ನಿಮಿಷ ದಾಟಲಿಲ್ಲ. ಮೊದಲು ‘ಸಾಕುರಾ’, ಕೊನೆಗೆ ಒಂದು ಚಲನಚಿತ್ರ ಗೀತೆ. ನಡುವೆ ನಿರೂಪಕರು ಜಪಾನಿ ಸಂಗೀತದಲ್ಲಿ ಮೌನಕ್ಕಿರುವ ಮಹತ್ವದ ಬಗ್ಗೆ ಹನ್ನೆರಡು ನಿಮಿಷ ಬಿಡುವಿಲ್ಲದೆ ಮಾತನಾಡಿದರು. ನಾನು ಗಡಿಯಾರ ನೋಡಿದೆ, ಆದ್ದರಿಂದ ಅಂಕಿ ಸರಿಯಾಗಿದೆ.

ಆದರೆ ‘ರೊಕುದಾನ್’ ಎಂಬುದನ್ನು ನುಡಿಸಿದಾಗ ನನಗೆ ಏನೋ ಆಯಿತು. ಮೂವರೂ ಒಂದೇ ಸ್ವರಪಂಕ್ತಿಯನ್ನು ನುಡಿಸುತ್ತಿದ್ದರು, ಆದರೂ ಒಟ್ಟಿಗೆ ನುಡಿಸುತ್ತಿರಲಿಲ್ಲ. ಕೊಟೊ ಒಂದು ಸ್ವರವನ್ನು ಮೀಟಿ ಮುಂದೆ ಹೋದ ಮೇಲೆ ಶಾಕುಹಾಚಿ ಅದೇ ಸ್ವರಕ್ಕೆ ನಿಧಾನವಾಗಿ ಏರಿ ಬರುತ್ತಿತ್ತು. ಶಾಮಿಸೆನ್ ಇವೆರಡರ ನಡುವೆ ಎಲ್ಲೋ ಚಟ್ ಎಂದು ಬೀಳುತ್ತಿತ್ತು. ಚಿಕ್ಕಂದಿನಲ್ಲಿ ಶಿವಮೊಗ್ಗದಲ್ಲಿ ಹತ್ತು ವರ್ಷ ಪಾಠ ಹೇಳಿಸಿಕೊಂಡ ನನ್ನ ಕೈ ತನ್ನಷ್ಟಕ್ಕೇ ತೊಡೆಯ ಮೇಲೆ ತಾಳ ಹಾಕಲು ಹೊರಟು, ಸಮ (ತಾಳದ ಮೊದಲ ಪೆಟ್ಟು) ಸಿಗದೆ ನಿಂತುಬಿಟ್ಟಿತು. ಇದು ಸಂಗೀತದ ಸ್ವಭಾವವೋ, ಅವರಿಗೆ ಅಭ್ಯಾಸ ಸಾಲದೋ, ನನ್ನ ಕಿವಿಯ ದೋಷವೋ? ತಿಳಿದವರು ಹೇಳಿ.

ವೀಣಾಭ್ಯಾಸಿ:

ನಿಮ್ಮ ಕಿವಿ ಸರಿಯಾಗಿದೆ, ಅವರೂ ಸರಿಯಾಗಿದ್ದಾರೆ. ನಮ್ಮ ಕಛೇರಿಯಲ್ಲಿ ಗಾಯಕರು ರಾಗಾಲಾಪನೆ ಮಾಡುವಾಗ ಪಿಟೀಲಿನವರು ಏನು ಮಾಡುತ್ತಾರೆಂದು ನೆನಪಿಸಿಕೊಳ್ಳಿ. ಅದೇ ಸಂಚಾರವನ್ನು ಅರೆಕ್ಷಣ ಹಿಂದೆ, ತಮ್ಮ ವಾದ್ಯಕ್ಕೆ ಒಗ್ಗುವಂತೆ ಹಿಡಿದುಕೊಂಡು ಬರುತ್ತಾರೆ. ಗಾಯಕರು ನಿಂತ ಮೇಲೂ ಅವರ ಬಿಲ್ಲು ಒಂದು ಗಳಿಗೆ ಎಳೆಯುತ್ತಿರುತ್ತದೆ. ಅದನ್ನು ‘ಅಭ್ಯಾಸ ಸಾಲದು’ ಎಂದು ಯಾರೂ ಹೇಳುವುದಿಲ್ಲ. ಸಾಂಕ್ಯೊಕುವಿನಲ್ಲಿ ಆ ನೆರಳಿನ ಆಟ ಇಡೀ ಕೃತಿಯನ್ನು ಆವರಿಸುತ್ತದೆ.

ಇನ್ನೊಂದು ಕಾರಣವಿದೆ, ಇದು ನನಗೆ ಬಹಳ ಇಷ್ಟವಾದದ್ದು. ಈ ಪರಂಪರೆಯ ಎಷ್ಟೋ ಕೃತಿಗಳನ್ನು ಒಬ್ಬರು ಕುಳಿತು ಮೂರು ವಾದ್ಯಕ್ಕೆ ರಚಿಸಿದ್ದಲ್ಲ. ಕ್ಯೋಟೊದ ಕಿಕುಒಕಾ ಕೆಂಗ್ಯೊ ಶಾಮಿಸೆನ್‌ಗೆ ಹಾಡು ಕಟ್ಟಿದರು. ಯಾಎಜಾಕಿ ಕೆಂಗ್ಯೊ ಅದರ ಮೇಲೆ ಕೊಟೊದ ದಾರಿಯನ್ನು ಹೆಣೆದರು. ಬಿದಿರಿನ ಕೊಳಲು ಮುಖ್ಯವಾಗಿ 1871ರ ನಂತರ ಈ ಮೇಳದ ಮನೆಯೊಳಗೆ ಬಂತು. ಅದಕ್ಕೆ ಮೊದಲು ಆ ಜಾಗದಲ್ಲಿ ಬಿಲ್ಲಿನಿಂದ ನುಡಿಸುವ ಕೊಕ್ಯೂ ಇತ್ತು. ಬೇರೆ ಬೇರೆ ಹೊತ್ತಿನಲ್ಲಿ ಮನೆಗೆ ಬಂದ ಮೂವರು ಒಂದೇ ಜಗಲಿಯಲ್ಲಿ ಕುಳಿತಿದ್ದಾರೆ. ಒಬ್ಬರ ಮೇಲೊಬ್ಬರು ಕೂರುವುದಿಲ್ಲ, ಅಷ್ಟೇ. ‘ಕೆಂಗ್ಯೊ’ ಎಂಬುದು ಹೆಸರಲ್ಲ, ಅಂಧ ಕಲಾವಿದರ ಸಂಘದಲ್ಲಿ ಅತ್ಯುನ್ನತ ಪದವಿ.

ಸಮದ ಬಗ್ಗೆ: ರೊಕುದಾನ್ ಎಂದರೆ ಆರು ಮೆಟ್ಟಿಲು. ಆರಂಭದ ಚಿಕ್ಕ ಪೀಠಿಕೆಯನ್ನು ಬಿಟ್ಟರೆ ಪ್ರತಿ ಭಾಗಕ್ಕೂ 104 ಮಾತ್ರೆಗಳ ಲೆಕ್ಕವಿದೆ. ಆದರೆ ಲಯ ನಿಧಾನವಾಗಿ ಹೊರಟು, ಗೊತ್ತಾಗದಂತೆ ವೇಗ ಪಡೆದು, ಕೊನೆಯಲ್ಲಿ ಮತ್ತೆ ಕೂರುತ್ತದೆ. ಆವರ್ತ ತಿರುಗಿ ಬಂದು ಬಾಗಿಲು ತಟ್ಟುವುದಿಲ್ಲ. ನಿಮ್ಮ ಕೈ ನಿಂತದ್ದು ಅದಕ್ಕೇ.

ಸ್ವರದ ವಿಷಯದಲ್ಲಿ ಮಾತ್ರ ನಾವು ಅಪರಿಚಿತರಲ್ಲ. ಕೊಟೊವನ್ನು ಸಾಮಾನ್ಯವಾಗಿ ಶ್ರುತಿ ಮಾಡುವ ‘ಹಿರಾಜೋಶಿ’ಯಲ್ಲಿ ಸರಿಯಾದ ತಂತಿಯನ್ನು ಷಡ್ಜ ಎಂದುಕೊಂಡು ಕೇಳಿದರೆ ಸ, ಶುದ್ಧ ರಿಷಭ, ಶುದ್ಧ ಮಧ್ಯಮ, ಪ, ಶುದ್ಧ ಧೈವತ ಸಿಗುತ್ತವೆ. ಧಾರವಾಡದ ಕಡೆಯವರು ಗುಣಕಲಿ ಎಂದಾರು, ನಾವು ಕರ್ನಾಟಕ ಶುದ್ಧ ಸಾವೇರಿ ಎಂದೇವು. ಸ್ವರಗಳು ಅವೇ, ರಾಗವಲ್ಲ. ತಂಬೂರಿಯ ಆಧಾರವಿಲ್ಲದೆ ಆ ಐದೂ ಬೇರೆಯೇ ನೆಲದಲ್ಲಿ ನಿಂತಂತೆ ಕೇಳುತ್ತವೆ.

ಸಂಶಯಪಿಶಾಚಿ:

ಎಲ್ಲರೂ ಇಷ್ಟು ಬೇಗ ಕೈಮುಗಿಯಬೇಕೇ? ಪೋಸ್ಟರಿನಲ್ಲಿ ‘ಸಾವಿರಾರು ವರ್ಷಗಳ ಪರಂಪರೆ’ ಎಂದು ಹಾಕಿದ್ದರು ಎಂದು ಪಂದ್ಯ ಕಟ್ಟಬಲ್ಲೆ. ‘ಸಾಕುರಾ’ ಎದೊ ಕಾಲದ (1603-1868) ಕೊನೆಯಲ್ಲಿ ಕೊಟೊ ಕಲಿಯುವ ಮಕ್ಕಳಿಗೆ ಹೇಳಿಕೊಡುತ್ತಿದ್ದ ಪಾಠ, 1888ರಲ್ಲಿ ಟೋಕಿಯೊ ಸಂಗೀತ ಶಾಲೆಯ ಪುಸ್ತಕದಲ್ಲಿ ಅಚ್ಚಾಯಿತು. ನಮ್ಮ ಪಿಳ್ಳಾರಿ ಗೀತೆಯಿಂದ ಕಛೇರಿ ಆರಂಭಿಸಿ ಇದೇ ಭಾರತದ ಆತ್ಮ ಎಂದು ಹೇಳಿದ ಹಾಗೆ. ಕಾರ್ಯಕ್ರಮದಲ್ಲಿ ‘ಹಾರು ನೊ ಉಮಿ’ (ವಸಂತದ ಕಡಲು) ಎಂಬ ಕೊಟೊ-ಶಾಕುಹಾಚಿ ಕೃತಿ ಇತ್ತೇ? ಇದ್ದೇ ಇರುತ್ತದೆ. ಅದು 1929ರದ್ದು. ರಚಿಸಿದವರು ಪಾಶ್ಚಾತ್ಯ ಸಂಗೀತವನ್ನು ಕಿವಿತುಂಬ ಕೇಳಿದವರು.

ಹೊರದೇಶದ ವೇದಿಕೆ ಹತ್ತಿದ ಕೂಡಲೇ ಎಲ್ಲವೂ ವಿಮಾನ ನಿಲ್ದಾಣದ ಅಂಗಡಿಯ ಗೊಂಬೆಯಾಗುತ್ತದೆ. ನಮ್ಮವರೇನು ಕಡಿಮೆಯಲ್ಲ. ರಾತ್ರಿಯಿಡೀ ಆಡುವ ಯಕ್ಷಗಾನವನ್ನು ಹೊರನಾಡಿನ ರಾಜ್ಯೋತ್ಸವಗಳಲ್ಲಿ ಹದಿನೈದು ನಿಮಿಷಕ್ಕೆ ಕತ್ತರಿಸಿ, ಅದರಲ್ಲಿ ಐದು ನಿಮಿಷ ಫೋಟೊಗೆ ಬಿಡುವುದನ್ನು ಈ ಕಣ್ಣಿನಿಂದಲೇ ಕಂಡಿದ್ದೇನೆ.

ಒಸಾಕಾವಾಸಿ:

ಹನ್ನೊಂದು ವರ್ಷದಿಂದ ಇಲ್ಲಿ ಒಸಾಕಾದಲ್ಲಿದ್ದೇನೆ. ‘ಹಾರು ನೊ ಉಮಿ’ ನನಗೆ ಹೊಸ ವರ್ಷದ ರಿಯಾಯಿತಿ ಮಾರಾಟದ ಸಂಗೀತ. ಜನವರಿ ಮೊದಲ ವಾರ ಯಾವ ಅಂಗಡಿಗೆ ಹೋದರೂ ಮೇಲಿನಿಂದ ಅದೇ ಸುರಿಯುತ್ತದೆ. ನನ್ನ ಸಹೋದ್ಯೋಗಿಗಳಲ್ಲಿ ಅದನ್ನು ಎದುರು ಕುಳಿತು ಕೇಳಿದವರು ಒಬ್ಬರೂ ಇಲ್ಲ. ಆದ್ದರಿಂದ ‘ಅಲ್ಲಿ ಅಸಲಿ, ಇಲ್ಲಿ ನಕಲಿ’ ಎಂಬ ಸಂಶಯಪಿಶಾಚಿಯವರ ಗೆರೆ ಅಷ್ಟು ನೇರವಾಗಿಲ್ಲ. ಮೇಜಿ ಚಕ್ರವರ್ತಿಯ ಕಾಲದ ಸರ್ಕಾರ 1879ರಲ್ಲಿ ಸಂಗೀತ ಶಿಕ್ಷಣಕ್ಕೆಂದು ಕಚೇರಿ ತೆರೆದಾಗ ಶಾಲೆಗಳಿಗೆ ಆರಿಸಿಕೊಂಡದ್ದು ಪಾಶ್ಚಾತ್ಯ ಪದ್ಧತಿಯನ್ನು. ಮಾಧ್ಯಮಿಕ ಶಾಲೆಯ ಮಕ್ಕಳು ಒಂದಾದರೂ ದೇಶೀ ವಾದ್ಯವನ್ನು ಮುಟ್ಟಲೇಬೇಕೆಂಬ ನಿಯಮ ಜಾರಿಗೆ ಬಂದದ್ದು 2002ರಲ್ಲಿ. ನೂರಿಪ್ಪತ್ತು ವರ್ಷಗಳ ಅಂತರ. ಇಲ್ಲಿಯ ಯುವಕನಿಗೆ ಪಿಯಾನೊ ಮನೆಯದು, ಕೊಟೊ ಮ್ಯೂಸಿಯಂನದು. ಲೈಡನ್‌ನ ಆ ಎಂಬತ್ತು ಜನರಿಗೂ ನನ್ನ ಸಹೋದ್ಯೋಗಿಗಳಿಗೂ ಇರುವ ವ್ಯತ್ಯಾಸ ನೀವು ಎಣಿಸಿದ್ದಕ್ಕಿಂತ ಕಡಿಮೆ.

ಇನ್ನು 1929ರ ಕೃತಿಯ ಮಾತು. ಅದನ್ನು ರಚಿಸಿದ ಮಿಯಾಗಿ ಮಿಚಿಯೊ ಹುಟ್ಟಿದ್ದು ಕೋಬೆಯಲ್ಲಿ, 1894ರಲ್ಲಿ. ಬಾಲ್ಯದಲ್ಲಿಯೇ ಕಣ್ಣು ಹೋಯಿತು. ಹದಿಮೂರು ತಂತಿಯ ಕೊಟೊಗೆ ಮಂದ್ರ ಸಾಲದೆಂದು 1921ರಲ್ಲಿ ಹದಿನೇಳು ತಂತಿಯದನ್ನು ಮಾಡಿಸಿದರು. 1932ರಲ್ಲಿ ಜಪಾನಿಗೆ ಬಂದ ಫ್ರೆಂಚ್ ಪಿಟೀಲು ವಾದಕಿ ರೆನೆ ಶೆಮೆ ಶಾಕುಹಾಚಿಯ ಭಾಗವನ್ನು ತಮ್ಮ ವಾದ್ಯಕ್ಕೆ ಅಳವಡಿಸಿಕೊಂಡು ಅವರೊಂದಿಗೆ ಧ್ವನಿಮುದ್ರಿಸಿದರು. ಆ ತಟ್ಟೆಯಿಂದಲೇ ಕೃತಿ ಹೊರಜಗತ್ತಿಗೆ ತಿಳಿಯಿತು. 1953ರಲ್ಲಿ ಮಿಯಾಗಿಯವರೇ ಫ್ರಾನ್ಸ್ ಮತ್ತು ಸ್ಪೇನಿನ ಜಾನಪದ ಸಂಗೀತೋತ್ಸವಕ್ಕೆ ಜಪಾನಿನ ಪ್ರತಿನಿಧಿಯಾಗಿ ಹೋದರು. ಮೂರು ವರ್ಷದ ನಂತರ, ಕಛೇರಿಗೆಂದು ಹೊರಟ ರಾತ್ರಿ ರೈಲಿನಿಂದ ಬಿದ್ದು ತೀರಿಕೊಂಡರು. ಇಷ್ಟೆಲ್ಲ ಆದ ಮೇಲೂ ಅದು ‘ಪರಂಪರೆ’ ಅಲ್ಲವೆನ್ನುವುದಾದರೆ, ಪಶ್ಚಿಮದಿಂದ ಬಂದ ಪಿಟೀಲನ್ನು ಮೊದಲು ನಮ್ಮ ಕಛೇರಿಯಿಂದ ಕೆಳಗಿಳಿಸೋಣ.

ಸಂಶಯಪಿಶಾಚಿ:

ಪಿಟೀಲಿನ ಪೆಟ್ಟು ಚೆನ್ನಾಗಿ ತಗುಲಿತು. ಉಳಿದದ್ದಕ್ಕೆ ಆಮೇಲೆ ಬರುತ್ತೇನೆ.

ಬಿದಿರುಗಿಣ್ಣು:

ಆರು ವರ್ಷದಿಂದ ಶಾಕುಹಾಚಿ ಕಲಿಯುತ್ತಿದ್ದೇನೆ, ಕೊಲೊರಾಡೊದಲ್ಲಿ. ನಮ್ಮಲ್ಲಿ ಒಂದು ಗಾದೆಯನ್ನು ಮೊದಲ ದಿನವೇ ಹೇಳುತ್ತಾರೆ: ಕತ್ತು ಅಲ್ಲಾಡಿಸಲು ಮೂರು ವರ್ಷ, ‘ಕೊರೊ’ ನಾದಕ್ಕೆ ಎಂಟು ವರ್ಷ. ನಾನು ಕತ್ತಿನ ತರಗತಿ ದಾಟಿದ್ದೇನೆ, ಕೊರೊ ಇನ್ನೂ ಬಂದಿಲ್ಲ. ಹೆಂಡತಿಯ ಪ್ರಕಾರ ಕತ್ತೂ ಸಂದೇಹವೇ.

ತುಂಗಾತೀರರೇ, ಕೊಳಲು ‘ನಿಧಾನವಾಗಿ ಏರಿ ಬರುತ್ತಿತ್ತು’ ಎಂದಿರಲ್ಲ, ಅದು ತಡವಾದದ್ದಲ್ಲ. ಐದೇ ರಂಧ್ರ, ನಾಲ್ಕು ಮುಂದೆ ಒಂದು ಹಿಂದೆ. ಉಳಿದ ಸ್ವರಗಳೆಲ್ಲ ಅರೆಮುಚ್ಚಿದ ಬೆರಳಿನಿಂದ ಮತ್ತು ಗದ್ದದಿಂದ ಬರಬೇಕು. ಗದ್ದ ತಗ್ಗಿಸಿದರೆ ಸ್ವರ ಇಳಿದು ಮಬ್ಬಾಗುತ್ತದೆ, ಅದು ‘ಮೆರಿ’. ಎತ್ತಿದರೆ ಏರಿ ತೆರೆದುಕೊಳ್ಳುತ್ತದೆ, ಅದು ‘ಕಾರಿ’. ಮಬ್ಬಿನಿಂದ ಬೆಳಕಿಗೆ ಬರುವ ಆ ದಾರಿಯೇ ನಮಗೆ ಸ್ವರ. ಗಮಕದ ನಾಡಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಅವರಿಗೆ ಆ ಸಂಜೆ ಎಷ್ಟು ಕಷ್ಟವಾಗಿರಬಹುದು ಎಂಬುದನ್ನು ಹೇಳುತ್ತೇನೆ. ಹಳೆಯ ಇಗರ್ಜಿ, ಮಳೆ, ಅಂದರೆ ಚಳಿ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಕೊಳಲಿನ ಶ್ರುತಿ ಸುಮಾರು ಮೂರು ಸೆಂಟ್ ಇಳಿಯುತ್ತದೆ. ಅರ್ಧಸ್ವರವೆಂದರೆ ನೂರು ಸೆಂಟ್. ಬೆಚ್ಚಗಿನ ಕೋಣೆಯಲ್ಲಿ ಶ್ರುತಿ ಮಾಡಿಕೊಂಡು ಹತ್ತು ಡಿಗ್ರಿ ಕಡಿಮೆಯಿರುವ ಸಭಾಂಗಣಕ್ಕೆ ಬಂದರೆ ಅರ್ಧಸ್ವರದ ಮೂರನೆಯ ಒಂದು ಭಾಗ ಕೆಳಗೆ! ಊದುತ್ತಾ ಹೋದಂತೆ ಉಸಿರಿನ ಬಿಸಿಗೆ ಮತ್ತೆ ಮೇಲೇರುತ್ತದೆ. ತಂತಿಯವರು ನಡುನಡುವೆ ಏನಾದರೂ ಸರಿಪಡಿಸಿಕೊಳ್ಳುತ್ತಿದ್ದರೇ?

ಹಾಗೆಯೇ ಒಣಹವೆ. 54.5 ಸೆಂಟಿಮೀಟರ್ ಉದ್ದದ, ಬುಡದ ಬೇರು ಉಳಿಸಿಕೊಂಡ ಬಿದಿರು ಜಪಾನಿನ ತೇವದಲ್ಲಿ ಬೆಳೆದದ್ದು. ಇಲ್ಲಿಯ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯಲ್ಲಿ ಒಂದು ರಾತ್ರಿ ಹೊರಗಿಟ್ಟೆ, ಬೆಳಗ್ಗೆ ಉದ್ದಕ್ಕೂ ಸೀಳು ಬಿಟ್ಟಿತ್ತು. ಈಗ ಸೊಪ್ಪು ತರಕಾರಿಯಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತೇನೆ.

ತುಂಗಾತೀರ:

ಹೌದು, ಹೌದು! ಕೊಟೊ ನುಡಿಸುವವರು ಪ್ರತಿ ಕೃತಿಯ ನಂತರ, ಕೆಲವೊಮ್ಮೆ ನುಡಿಸುತ್ತಿರುವಾಗಲೇ, ಎಡಗೈಯಿಂದ ತಂತಿಯನ್ನು ಕೆಳಗಿನಿಂದ ಎತ್ತಿ ಹಿಡಿಯುವ ಪುಟ್ಟ ಕುದುರೆಗಳನ್ನು ಕೂದಲೆಳೆಯಷ್ಟು ಸರಿಸುತ್ತಿದ್ದರು. ಅದೂ ನೃತ್ಯದ ಭಾಗವೆಂದು ಪಕ್ಕದವರು ವಿಡಿಯೊ ಮಾಡಿಕೊಂಡರು. ಕೊಳಲಿಗೆ ಕೊಟೊ ದಾರಿ ಬಿಡುತ್ತಿತ್ತು ಎಂದು ಈಗ ಅರ್ಥವಾಯಿತು.

ಕೊಟೊ ಅವರದ್ದಲ್ಲವಂತೆ, ಇಲ್ಲಿಯೇ ಎರವಲು ಪಡೆದದ್ದು. ಆರಡಿ ಉದ್ದದ ಮರದ ದಿಮ್ಮಿಯನ್ನು ಯಾವ ವಿಮಾನದಲ್ಲಿ ತರುವುದು? ಶಾಮಿಸೆನ್ ಮಾತ್ರ ಜಾಣ ವಾದ್ಯ, ಕುತ್ತಿಗೆ ಮೂರು ತುಂಡಾಗಿ ಬಿಚ್ಚಿ ಪೆಟ್ಟಿಗೆಯೊಳಗೆ ಮಲಗುತ್ತದೆ.

ಒಂದು ಊರಿನ ಹೆಮ್ಮೆಯ ವಿಷಯ: ಕೊಟೊ ಮಾಡುವ ಹಗುರ ಮರ ‘ಕಿರಿ’ಯ ಸಸ್ಯಶಾಸ್ತ್ರೀಯ ಹೆಸರು ಪೌಲೋನಿಯಾ. ಜಪಾನಿನ ದೆಜಿಮಾ ದ್ವೀಪದ ಡಚ್ ಕೋಠಿಯಲ್ಲಿ ವೈದ್ಯನಾಗಿದ್ದು ಆಮೇಲೆ ಲೈಡನ್‌ನಲ್ಲಿ ನೆಲೆಸಿದ ಸೀಬೋಲ್ಟ್, ತನ್ನ ಜೊತೆಗಾರ ಜುಕಾರಿನಿಯೊಂದಿಗೆ ಅದನ್ನು ಇಟ್ಟದ್ದು, ಮುಂದೆ ನೆದರ್ಲೆಂಡ್ಸ್‌ನ ರಾಣಿಯಾದ ಅನ್ನಾ ಪಾವ್ಲೊವ್ನಾ ಹೆಸರಿನಲ್ಲಿ. ಕಛೇರಿ ನಡೆದ ಇಗರ್ಜಿಯಿಂದ ಸೀಬೋಲ್ಟನ ಮನೆಗೆ ನಡೆದೇ ಹೋಗಬಹುದು. ನಿರೂಪಕರು ಮೌನವನ್ನು ಎರಡು ನಿಮಿಷ ಕಡಿಮೆ ಮಾಡಿ ಇದನ್ನು ಹೇಳಬಹುದಿತ್ತು.

ಕಾಡಂಚು:

ಮರದ ಮಾತು ಬಂದದ್ದರಿಂದ ಬಾಯಿ ಹಾಕುತ್ತಿದ್ದೇನೆ, ಸಂಗೀತ ನನಗೆ ತಿಳಿಯದು. ಶಾಮಿಸೆನ್‌ನ ಉತ್ತಮ ದರ್ಜೆಯ ಕುತ್ತಿಗೆಯನ್ನು ಯಾವ ಮರದಿಂದ ಮಾಡುತ್ತಾರೆ ಗೊತ್ತೇ? ಅವರು ‘ಕೋಕಿ’ ಎನ್ನುತ್ತಾರೆ. ನಮ್ಮ ರಕ್ತಚಂದನ. ಜಗತ್ತಿನಲ್ಲಿ ಅದು ಸಹಜವಾಗಿ ಬೆಳೆಯುವುದು ಪೂರ್ವಘಟ್ಟದ ದಕ್ಷಿಣ ತುದಿಯಲ್ಲಿ ಮಾತ್ರ, ಮುಖ್ಯವಾಗಿ ಕಡಪ, ಚಿತ್ತೂರು, ಶೇಷಾಚಲದ ಬೆಟ್ಟಗಳಲ್ಲಿ. ಕೋಲಾರದ ನನ್ನ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ನಮ್ಮ ಪತ್ರಿಕೆಗಳಲ್ಲಿ ಅದು ಕಳ್ಳಸಾಗಣೆಯ ಸುದ್ದಿಯಾಗಿ ಮಾತ್ರ ಬರುತ್ತದೆ. 1995ರಿಂದ ಅಳಿವಿನಂಚಿನ ಪ್ರಭೇದಗಳ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ.

ಬರೀ ಮರವಲ್ಲ. ಕೊಟೊ ನುಡಿಸುವ ಉಗುರುಗಳು, ಒಳ್ಳೆಯ ಕುದುರೆಗಳು, ಶಾಮಿಸೆನ್ ಮೀಟುವ ಅಗಲವಾದ ‘ಬಾಚಿ’ ಎಲ್ಲವೂ ಹಳೆಯ ಪದ್ಧತಿಯಲ್ಲಿ ಆನೆದಂತದವು. ಶಾಮಿಸೆನ್‌ನ ಹೊದಿಕೆ ಬೆಕ್ಕಿನ ಅಥವಾ ನಾಯಿಯ ಚರ್ಮ. ಇಂಥ ವಾದ್ಯ ಹಿಡಿದು ಗಡಿ ದಾಟುವವರಿಗೆ ಸುಂಕದ ಕಟ್ಟೆಯಲ್ಲಿ ಏನಾದೀತು ಊಹಿಸಿ. ಆದ್ದರಿಂದ ಪ್ರವಾಸಕ್ಕೆಂದೇ ಪ್ಲಾಸ್ಟಿಕ್ ಅಥವಾ ಮರದ ಇನ್ನೊಂದು ಜೋಡಿಯನ್ನು ಇಟ್ಟುಕೊಳ್ಳುವ ಕಲಾವಿದರಿದ್ದಾರೆ. ನಾದ ಬೇರೆಯಾಗುತ್ತದೆ ಎಂದು ಅವರು ಗೊಣಗುತ್ತಾರೆ. ಆನೆಗಳಿಗೆ ಗೊಣಗಲು ವೇದಿಕೆಯಿಲ್ಲ.

ವೀಣಾಭ್ಯಾಸಿ:

ರಕ್ತಚಂದನದ ಸಂಗತಿ ತಿಳಿದು ಒಂದು ಗಳಿಗೆ ಸುಮ್ಮನೆ ಕುಳಿತೆ. ಆ ಕುತ್ತಿಗೆಯ ತುದಿಯಲ್ಲಿ ಇನ್ನೊಂದು ಚಮತ್ಕಾರವಿದೆ. ಶಾಮಿಸೆನ್‌ನ ಮಂದ್ರ ತಂತಿ ಮೇಲಿನ ಮೇರುವಿನ ಮೇಲೆ ಕೂರುವುದಿಲ್ಲ. ಬೇಕೆಂದೇ ಮರಕ್ಕೆ ಸವರಿಕೊಂಡು ಝೇಂಕರಿಸುತ್ತದೆ. ‘ಸಾವಾರಿ’ ಎನ್ನುತ್ತಾರೆ. ತಂಬೂರಿಯ ಜವಾರಿಗೆ ನಾವು ನೂಲಿನ ಎಳೆ ಇಟ್ಟು ಹುಡುಕುವ ನಾದವೇ ಅದು. ಪಾಶ್ಚಾತ್ಯ ವಾದ್ಯ ತಯಾರಕ ಇದನ್ನು ದೋಷವೆಂದು ಉಜ್ಜಿ ತೆಗೆದಾನು.

ಸಂಶಯಪಿಶಾಚಿ:

ಮರಳಿ ಬಂದೆ. ಮರ, ಚಳಿ, ದಂತ ಎಲ್ಲ ಒಪ್ಪಿದೆ. ಆದರೆ ನನ್ನ ನಿಜವಾದ ತಕರಾರು ಇದು: ನೀವ್ಯಾರೂ ಹಾಡಿನ ಬಗ್ಗೆ ಕೇಳಲಿಲ್ಲ. ಈ ಪರಂಪರೆಯ ಹೃದಯ ‘ಜಿಉತಾ’, ಅಂದರೆ ಗಾಯನ. ತಂತಿ ನುಡಿಸುವವರೇ ಹಾಡುತ್ತಾರೆ. ವಾದ್ಯದ ಭಾಗ ಎಷ್ಟೇ ಬೆಳೆದಿದ್ದರೂ ಅದು ಎರಡು ಹಾಡಿನ ನಡುವಿನ ಮಾತು. ಹೊರದೇಶಕ್ಕೆ ಹೋದಾಗ ಮೊದಲು ಕತ್ತರಿ ಬೀಳುವುದು ಗಾಯನಕ್ಕೆ, ಭಾಷೆ ತಿಳಿಯದು ಎಂಬ ನೆಪದಲ್ಲಿ. ಉಳಿಯುವುದು ಹಿನ್ನೆಲೆ ಸಂಗೀತ. ತುಂಗಾತೀರರೇ, ನಿಜ ಹೇಳಿ, ಅವರು ಹಾಡಿದರೇ?

ತುಂಗಾತೀರ:

ಒಂದು ಹಾಡಿದರು. ‘ಕುರೊಕಾಮಿ’, ಕಪ್ಪು ಕೂದಲು. ನಾನು ಮೊದಲ ಬರಹದಲ್ಲಿ ಅದನ್ನು ಬಿಟ್ಟದ್ದು ಸಂಕೋಚದಿಂದ. ಶಾಮಿಸೆನ್ ನುಡಿಸುತ್ತಿದ್ದ ಹಿರಿಯ ಮಹಿಳೆ ಮುಖದಲ್ಲಿ ಏನೂ ತೋರಿಸದೆ, ಒಂದೊಂದು ಅಕ್ಷರವನ್ನೂ ಎಳೆದು ಎಳೆದು ಹಾಡಿದರು. ಜನ ಕುರ್ಚಿಯಲ್ಲಿ ಅಲುಗಾಡಿದರು. ಯಾರೋ ಕೆಮ್ಮಿದರು. ನಾನು ಆಗ ಫೋನ್ ತೆಗೆದು ಮರಳುವ ರೈಲಿನ ಸಮಯ ನೋಡಿದೆ.

ಅರ್ಥವನ್ನು ಕಾರ್ಯಕ್ರಮದ ಹಾಳೆಯಲ್ಲಿ ಓದಿದ್ದು ರೈಲಿನಲ್ಲಿ. ಒಂಟಿಯಾಗಿ ಮಲಗಿದ ಹೆಣ್ಣು, ಸಿಕ್ಕುಗಟ್ಟಿದ ಕೂದಲು, ನಿನ್ನೆಯ ಕನಸು. ಹೊರಗೆ, ಬೀಳುತ್ತಿದೆಯೆಂದೂ ತಿಳಿಯದಂತೆ ರಾಶಿಯಾಗುತ್ತಿರುವ ಹಿಮ. ಅಷ್ಟೇ. ಇಡೀ ಸಂಜೆಯಲ್ಲಿ ನಾನು ಕೇಳಿಸಿಕೊಳ್ಳದೇ ಹೋದದ್ದು ಅದೊಂದನ್ನೇ ಎಂದು ಹಾರ್ಲೆಮ್ ನಿಲ್ದಾಣ ದಾಟುವಾಗ ಗೊತ್ತಾಯಿತು.

ಸಂಶಯಪಿಶಾಚಿ:

ಹಾಡಿದರಲ್ಲ. ಹಾಗಾದರೆ ಗೊಂಬೆ ಅಂಗಡಿಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಮಳೆಗೆ ಒಳಗೆ ಬಂದ ಎಂಬತ್ತು ಜನರ ಎದುರು, ಕೆಮ್ಮಿನ ನಡುವೆ ‘ಕುರೊಕಾಮಿ’ ಹಾಡಲು ಎದೆ ಬೇಕು. ಚಲನಚಿತ್ರ ಗೀತೆಯನ್ನು ಬಾಡಿಗೆ ಎಂದುಕೊಳ್ಳೋಣ.

ಹೊಸಬ_೨೨:

ಇದನ್ನೆಲ್ಲ ಓದಿದೆ. ಯಾವುದರಿಂದ ಕೇಳಲು ಆರಂಭಿಸಲಿ? ಚಿಕ್ಕದಾಗಿರಲಿ.

ಬಿದಿರುಗಿಣ್ಣು:

ನಾಲ್ಕು ನಿಮಿಷ ಐವತ್ತೊಂದು ಸೆಕೆಂಡ್ ಸಾಕೇ? ಯಾಮಾಗುಚಿ ಗೊರೊ ನುಡಿಸಿದ ‘ತ್ಸುರು ನೊ ಸುಗೊಮೊರಿ’, ಗೂಡಿನ ಕೊಕ್ಕರೆಗಳು. ಅವರು 1967-68ರಲ್ಲಿ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಕಲಿಸಲು ಬಂದಿದ್ದರು. ನಮ್ಮ ಕರ್ನಾಟಕ ಸಂಗೀತವನ್ನು ಅಮೆರಿಕದ ವಿದ್ಯಾರ್ಥಿಗಳು ಕಲಿತದ್ದೂ ಅದೇ ಆವರಣದಲ್ಲಿ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನದ ಧ್ವನಿತಟ್ಟೆಯಲ್ಲಿ ಈ ಕೊಕ್ಕರೆಗಳೂ ಹೋದವು. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ್ದಾರೆ. ಅವರ ಗುರು ಅಲ್ಲಾದಿಯಾ ಖಾನ್. ಆ ಗುರುವಿನ ಮಕ್ಕಳಿಂದಲೇ ನಮ್ಮ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದು. ಒಂದರ ಹಿಂದೆ ಒಂದು ಕೇಳಿ.

ಒಸಾಕಾವಾಸಿ:

ಕೇಳುವಾಗ ಏನನ್ನಾದರೂ ಕಡಿಯಬೇಕೆನಿಸಿದರೆ ಕ್ಯೋಟೊದ ‘ಯಾತ್ಸುಹಾಶಿ’ ಬಿಸ್ಕತ್ತು ತರಿಸಿಕೊಳ್ಳಿ. ದಾಲ್ಚಿನ್ನಿಯ ಘಮ, ಕೊಟೊದಂತೆ ಬೆನ್ನು ಬಾಗಿದ ಆಕಾರ. ರೊಕುದಾನ್ ರಚಿಸಿದರೆನ್ನುವ ಯಾತ್ಸುಹಾಶಿ ಕೆಂಗ್ಯೊ (1614-1685) ನೆನಪಿಗೆ ಮಾಡಿದ್ದೆಂದು ಅಂಗಡಿಯವರು ಹೇಳುತ್ತಾರೆ. ಅಂಗಡಿಯವರ ಮಾತು, ಸಂಶಯಪಿಶಾಚಿಗಳು ಗಮನಿಸಬೇಕು.

ತುಂಗಾತೀರ:

ನಿನ್ನೆ ಆ ತಂಡಕ್ಕೆ ಪತ್ರ ಬರೆದೆ, ಇಂದು ಉತ್ತರ ಬಂತು. ಮುಂದಿನ ತಿಂಗಳು ಉಟ್ರೆಕ್ಟ್‌ನಲ್ಲಿ ಒಬ್ಬರ ಮನೆಯಲ್ಲಿ ಇಪ್ಪತ್ತೈದು ಜನರಿಗೆ ನುಡಿಸುತ್ತಾರಂತೆ. ನಿರೂಪಣೆ ಇಲ್ಲ. ಗಾಯನವಿರುವ ಒಂದು ದೀರ್ಘ ಕೃತಿಯನ್ನು ಕತ್ತರಿಸದೆ ನುಡಿಸಬಹುದೇ ಎಂದು ಕೇಳಿದ್ದೆ. ಆಗಬಹುದು, ಆದರೆ ಎರಡು ಷರತ್ತು: ಎರವಲಿನ ಕೊಟೊ ಅಂದು ಸಿಗಬೇಕು, ಮನೆಯವರು ಹೀಟರ್ ಆರಿಸಲು ಒಪ್ಪಬೇಕು. ಎರಡನೆಯದಕ್ಕೆ ಮನೆಯವರು ಒಪ್ಪಿದ್ದಾರೆ. ನಾನು ಕಂಬಳಿ ಹೊದ್ದು ಹೋಗುತ್ತೇನೆ. ಬಂದು ಬರೆಯುತ್ತೇನೆ.